ಒಂಟಿಯಾಗಿರುವ ಹಿರಿಯರಿಗೆ ದಿನಾ ಯಂತ್ರದ ಫೋನ್ ಕರೆ: ಹೊಂದಿಸುವಾಗ ಏನೇನು ನೋಡಬೇಕು

ಹಿರಿಯರೊಬ್ಬರು ಒಂಟಿಯಾಗಿದ್ದಾರೆ, ನೀವು ದೂರದಲ್ಲಿದ್ದೀರಿ. ದಿನಾ ಫೋನ್ ಮಾಡಬೇಕು ಅಂತ ಮನಸ್ಸಿನಲ್ಲಿರುತ್ತದೆ, ಆದರೆ ವಾರಕ್ಕೆ ಎರಡು ಸಲ ಮಾಡಿದರೆ ಹೆಚ್ಚು. ಇಂಥವರಿಗಾಗಿ ಯಂತ್ರವೇ ಫೋನ್ ಮಾಡಿ ಮಾತಾಡಿಸುವ ಸೇವೆಗಳು ಈಗ ಬಂದಿವೆ. ಆಪ್ ಬೇಡ, ಸ್ಮಾರ್ಟ್‌ಫೋನೂ ಬೇಡ. ಮಾಮೂಲಿ ಫೋನೇ ರಿಂಗ್ ಆಗುತ್ತದೆ, ಎತ್ತಿದರೆ ಕಂಪ್ಯೂಟರ್ ಧ್ವನಿಯೊಂದು ರಾತ್ರಿ ನಿದ್ದೆ ಬಂತಾ, ಇವತ್ತು ಏನು ಮಾಡಿದಿರಿ ಅಂತ ವಿಚಾರಿಸುತ್ತದೆ, ಅವರು ಹೇಳಿದ್ದಕ್ಕೆ ತಕ್ಕಂತೆ ಮಾತು ಮುಂದುವರಿಸುತ್ತದೆ, ಆಮೇಲೆ ಮನೆಯವರಿಗೆ ಒಂದು ಚಿಕ್ಕ ವರದಿ ಕಳಿಸುತ್ತದೆ.

ನಾನು ಇದನ್ನು ನಮ್ಮ ಸೋದರತ್ತೆಗೆ ಹಾಕಿಸಿಕೊಟ್ಟೆ. ಮೂರನೇ ವಾರ ನಾನು ಫೋನ್ ಮಾಡಿದಾಗ ಅವರು, "ಮಂಡಿ ನೋವು ಅಂತ ನಾಲ್ಕು ದಿನದಿಂದ ಹೇಳ್ತಾನೇ ಇದ್ದೀನಲ್ಲಪ್ಪ, ನಿನಗೆ ಗೊತ್ತಾಗಲಿಲ್ವಾ?" ಅಂದರು. ಅವರು ಹೇಳಿದ್ದು ಯಂತ್ರಕ್ಕೆ. ಯಂತ್ರ ಅದನ್ನು ಸರಿಯಾಗಿಯೇ ಬರೆದು ಕಳಿಸಿತ್ತು. ನಾಲ್ಕೂ ವರದಿಗಳು ನನ್ನ ಮೇಲ್‌ನಲ್ಲಿ ಹಾಗೇ ಬಿದ್ದಿದ್ದವು, ನಾನು ಒಂದನ್ನೂ ತೆರೆದಿರಲಿಲ್ಲ. ಆವತ್ತು ನನಗೆ ಗೊತ್ತಾಯಿತು, ಇಡೀ ವ್ಯವಸ್ಥೆ ನಿಂತಿರುವುದು ಕರೆ ಮುಗಿದ ಮೇಲೆ ಏನಾಗುತ್ತದೆ ಅನ್ನುವುದರ ಮೇಲೆ.

ಅದಕ್ಕೇ, ಯಾವ ಸೇವೆ ಒಳ್ಳೆಯದು ಅಂತ ಹುಡುಕುವ ಮೊದಲೇ ವರದಿ ಓದುವವರು ಯಾರು ಅಂತ ತೀರ್ಮಾನ ಮಾಡಿ. ಒಬ್ಬರೇ ಇರಬೇಕು. ಎಲ್ಲರೂ ನೋಡೋಣ ಅಂದರೆ ಯಾರೂ ನೋಡುವುದಿಲ್ಲ. ಅವರಿಗೆ ಆಗದ ದಿನಕ್ಕೆ ಇನ್ನೊಬ್ಬರನ್ನು ಗೊತ್ತು ಮಾಡಿಟ್ಟುಕೊಳ್ಳಿ. ಓದಿದ ಮೇಲೆ, ಅದರಲ್ಲಿದ್ದ ಒಂದು ಮಾತು ಹಿಡಿದುಕೊಂಡು ವಾರದಲ್ಲಿ ಎರಡು ಸಲವಾದರೂ ನೀವೇ ಫೋನ್ ಮಾಡಿ. "ಗಿಡ ಮೊಗ್ಗು ಬಿಟ್ಟಿದೆಯಂತೆ?" ಅಂತ ಶುರು ಮಾಡಿದರೆ ಸಾಕು, ತಾವು ಹೇಳಿದ್ದು ಒಬ್ಬರ ಕಿವಿಗೆ ಬಿತ್ತು ಅಂತ ಅವರಿಗೆ ತಿಳಿಯುತ್ತದೆ.

ನೀವು ಓದುತ್ತೀರಿ ಅನ್ನುವುದು ಅವರಿಗೆ ಮೊದಲೇ ಗೊತ್ತಿರಬೇಕು, ಇದನ್ನು ಮುಚ್ಚಿಡಬೇಡಿ. "ಇದನ್ನು ಯಾರಿಗೂ ಹೇಳಬೇಡ" ಅಂದರೆ ಆ ಮಾತನ್ನು ವರದಿಯಿಂದ ಬಿಡುವ ಸೌಲಭ್ಯ ಇದೆಯಾ ಅಂತ ಸೇವೆಯವರನ್ನು ಕೇಳಿ. ಧ್ವನಿ ಮುದ್ರಣ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಬೇಡ ಅಂದರೆ ಅಳಿಸುತ್ತಾರಾ ಅಂತಲೂ ಕೇಳಿ.

ಇನ್ನೊಂದು, ಮಾತಾಡುವುದು ಯಂತ್ರ ಅಂತ ನೇರವಾಗಿ ಹೇಳಿ. ಹೇಳಿದರೆ ಅವರು ಮಾತಾಡುವುದಿಲ್ಲ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನೂ ಇಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಅನ್ನುವ ಮಾತಾಡಿಸುವ ಪ್ರೋಗ್ರಾಂ ಮಾಡಿದರು. ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದಷ್ಟೇ ಅದರ ಕೆಲಸ. ಅವರು ಅದನ್ನು ತಯಾರಿಸುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ನೋಡಿದ್ದ ಅವರ ಕಾರ್ಯದರ್ಶಿಯೇ, ಅದರ ಜೊತೆ ಸ್ವಲ್ಪ ಹೊತ್ತು ಟೈಪ್ ಮಾಡಿ, ನೀವು ಸ್ವಲ್ಪ ಹೊರಗೆ ಹೋಗ್ತೀರಾ ಅಂತ ವೈಜೆನ್‌ಬಾಮ್ ಅವರನ್ನೇ ಕೇಳಿದ್ದರು! ಯಂತ್ರ ಅಂತ ಗೊತ್ತಿದ್ದೂ ಮನುಷ್ಯರು ಮನಸ್ಸು ಬಿಚ್ಚುತ್ತಾರೆ. ಹಾಗಿರುವಾಗ ಸುಳ್ಳು ಹೇಳುವ ಅಗತ್ಯವೇ ಇಲ್ಲ. ಮಗ ಅಥವಾ ಮಗಳ ಧ್ವನಿಯನ್ನೇ ನಕಲು ಮಾಡಿ ಹಾಕುತ್ತೇವೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಆ ಧ್ವನಿಯನ್ನು ನಂಬುವ ಅಭ್ಯಾಸ ಆಗಿಬಿಟ್ಟರೆ ನಾಳೆ ಮೋಸಗಾರರು ಅದೇ ಧ್ವನಿಯಲ್ಲಿ ಹಣ ಕೇಳಿದಾಗ ಅವರಿಗೆ ತಿಳಿಯುವುದು ಹೇಗೆ?

ಇದರಿಂದ ನಿಜವಾಗಿ ಉಪಯೋಗ ಇದೆಯಾ ಅಂತ ಕೇಳುತ್ತೀರಲ್ವಾ. ಮನುಷ್ಯರು ಮಾಡುವ ಕರೆಗಳಿಂದ ಇದೆ. 2021ರಲ್ಲಿ ಪ್ರಕಟವಾದ ಟೆಕ್ಸಾಸ್‌ನ ಅಧ್ಯಯನವೊಂದರಲ್ಲಿ 240 ಜನರನ್ನು ತೆಗೆದುಕೊಂಡು, ಅರ್ಧ ಜನರಿಗೆ ನಾಲ್ಕು ವಾರ ಫೋನ್ ಮಾಡಿದರು. ಕರೆ ಮಾಡಿದವರು ವೈದ್ಯರೂ ಅಲ್ಲ, ಸಲಹೆಗಾರರೂ ಅಲ್ಲ, 17ರಿಂದ 23 ವಯಸ್ಸಿನ ಹುಡುಗ ಹುಡುಗಿಯರು. ಸ್ವಲ್ಪ ತರಬೇತಿ ಪಡೆದು, ಫೋನ್ ಎತ್ತಿದವರು ಹೇಳಿದ್ದನ್ನು ಆಸಕ್ತಿಯಿಂದ ಕೇಳಿಸಿಕೊಂಡರು, ಅಷ್ಟೇ. ಕರೆ ಬಂದವರಲ್ಲಿ ಒಂಟಿತನ, ಖಿನ್ನತೆ, ಆತಂಕ ಮೂರೂ ಕಡಿಮೆಯಾದವು. ಯಂತ್ರದ ಕರೆಗೆ ದೊಡ್ಡ ಉದಾಹರಣೆ ದಕ್ಷಿಣ ಕೊರಿಯಾದ ಕೇರ್‌ಕಾಲ್. ಒಂಟಿಯಾಗಿರುವ ಹಿರಿಯರಿಗೆ ಅಲ್ಲಿನ ಸ್ಥಳೀಯ ಆಡಳಿತಗಳು ಇದರಿಂದ ಫೋನ್ ಮಾಡಿಸುತ್ತವೆ, ಮಾತುಕತೆಯನ್ನು ಸಿಬ್ಬಂದಿ ನೋಡುತ್ತಾರೆ. ಅದರ ಬಗ್ಗೆ ಸಂಶೋಧನೆ ಮಾಡಿದವರಿಗೆ ಒಂಟಿತನ ಹಗುರಾಗುವುದು ಕಂಡಿತು, ಕೊರತೆಗಳೂ ಕಂಡವು. ಹಿಂದಿನ ಮಾತು ನೆನಪಿಟ್ಟುಕೊಳ್ಳುವುದನ್ನು ಸೇರಿಸಿದ ಮೇಲೆ ಜನ ಆರೋಗ್ಯದ ವಿಷಯ ಜಾಸ್ತಿ ಹೇಳಿಕೊಂಡರು. ಹಾಗಾಗಿ ಸೇವೆ ಆರಿಸುವಾಗ ಎರಡು ದಿನ ನೀವೇ ಕರೆ ಹಾಕಿಸಿಕೊಂಡು, ನಿನ್ನೆ ಹೇಳಿದ್ದು ಇವತ್ತು ಅದಕ್ಕೆ ನೆನಪಿದೆಯಾ ನೋಡಿ.

ಈಗ ಕಿವಿಯ ವಿಷಯ. ಇದನ್ನು ತುಂಬಾ ಜನ ಗಮನಿಸುವುದೇ ಇಲ್ಲ. ವಯಸ್ಸಾದಂತೆ ಮೊದಲು ಕುಗ್ಗುವುದು ಎತ್ತರದ ಶ್ರುತಿಯ, ಕೀರಲು ಶಬ್ದ ಕೇಳುವ ಶಕ್ತಿ. ಹಳೆಯ ಫೋನ್ ಲೈನು ಸಾಗಿಸುವುದೇ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಶಬ್ದ (ಹರ್ಟ್ಸ್ ಜಾಸ್ತಿಯಾದಷ್ಟೂ ಶಬ್ದ ಕೀರಲಾಗುತ್ತದೆ). ಸ, ಶ, ಫ ಇಂಥ ಅಕ್ಷರಗಳ ಸದ್ದು ಹೆಚ್ಚಾಗಿ ಇರುವುದು ಅದರ ಮೇಲಿನ ತುದಿಯಲ್ಲಿ, ಅದಕ್ಕೂ ಮೇಲೆ. ಅಂದರೆ ಮೊದಲೇ ಮಂದವಾದ ಕಿವಿಗೆ, ಮೊದಲೇ ಕತ್ತರಿಸಿದ ಮಾತು ತಲುಪುತ್ತದೆ. ಆದ್ದರಿಂದ ಕೀರಲಲ್ಲದ, ಸ್ವಲ್ಪ ದಪ್ಪ, ನಿಧಾನದ ಧ್ವನಿ ಆರಿಸಿ, ವಾಕ್ಯಗಳು ಚಿಕ್ಕದಿರಲಿ.

ಕಾಯುವ ಹೊತ್ತಿನದೂ ಹಾಗೇ. ಮನುಷ್ಯರು ಮಾತಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗ ಇರುತ್ತದೆ. ಯಂತ್ರವೂ ಬೇಗ ಉತ್ತರಿಸಲು ನೋಡುತ್ತದೆ. ಆದರೆ ಹಿರಿಯರು ಒಂದು ಹೆಸರು ನೆನಪಿಸಿಕೊಳ್ಳಲು, ಉಸಿರು ತೆಗೆದುಕೊಳ್ಳಲು ನಡುವೆ ನಿಲ್ಲುತ್ತಾರೆ, ಅಷ್ಟರಲ್ಲಿ ಯಂತ್ರ ಮಾತು ಮುಗಿಯಿತು ಅಂದುಕೊಂಡು ಅಡ್ಡ ಬಾಯಿ ಹಾಕುತ್ತದೆ. ಎರಡು ಸಲ ಹೀಗಾದರೆ ಅವರು ಬರೀ ಹೂಂ ಅನ್ನಲು ಶುರು ಮಾಡುತ್ತಾರೆ. ಕಾಯುವ ಹೊತ್ತನ್ನು ಎರಡು ಸೆಕೆಂಡಿಗಾದರೂ ಏರಿಸಿ ಅಂತ ಸೇವೆಯವರಿಗೆ ಹೇಳಿ. ನಮ್ಮ ಅತ್ತೆಗೆ ಮೂರು ಬೇಕಾಯಿತು.

ಪ್ರಶ್ನೆಗಳನ್ನು ನೀವೇ ಬರೆದುಕೊಡಿ. "ಹೇಗಿದ್ದೀರಿ?" ಅಂದರೆ "ಚೆನ್ನಾಗಿದ್ದೀನಿ" ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅವರಿಗೆ ಚೆನ್ನಾಗಿ ಗೊತ್ತಿರುವ ವಿಷಯ ಕೇಳಬೇಕು. ಹೊಲಿಗೆ ಗೊತ್ತಿದ್ದವರಿಗೆ ಹೊಲಿಗೆ, ಲೆಕ್ಕ ಪಾಠ ಮಾಡಿದವರಿಗೆ ಲೆಕ್ಕ. ಕೇಳಿಸಿಕೊಳ್ಳುವವರಿದ್ದಾರೆ ಅನ್ನುವುದಕ್ಕಿಂತ ಕಲಿಯುವವರಿದ್ದಾರೆ ಅಂದಾಗ ಜನ ಜಾಸ್ತಿ ಮಾತಾಡುತ್ತಾರೆ, ಇದು ನಾನು ಕಂಡದ್ದು. ಏನಂತ ಕರೆಯಬೇಕು ಅನ್ನುವುದನ್ನೂ ಅವರನ್ನೇ ಕೇಳಿ. ಯಂತ್ರ ಅಜ್ಜಿ ಅಂದರೆ ಕೆಲವರಿಗೆ ಖುಷಿ, ಕೆಲವರಿಗೆ ಸಿಟ್ಟು ಬರುತ್ತದೆ. ಕೊನೆಯ ಪ್ರಶ್ನೆ ಮಾತ್ರ ದಿನಾ ಒಂದೇ ಇರಲಿ: "ಇವತ್ತು ಯಾರ ಜೊತೆ ಮಾತಾಡಬೇಕು ಅನ್ನಿಸ್ತಿದೆ?" ಅವರು ಒಂದು ಹೆಸರು ಹೇಳಿದರೆ ಅದು ವರದಿಯ ಮೊದಲ ಸಾಲಾಗಿ ಬರಬೇಕು, ಆ ಮನುಷ್ಯರನ್ನು ಅವರ ಜೊತೆ ಸೇರಿಸುವುದು ನಿಮ್ಮ ಕೆಲಸ.

ಹೊತ್ತು ಅವರೇ ಗೊತ್ತು ಮಾಡಲಿ. ದಿನಾ ಅದೇ ಹೊತ್ತಿಗೆ, ಅದೇ ನಂಬರಿನಿಂದ ಬರಬೇಕು, ಆ ನಂಬರನ್ನು ಅವರ ಫೋನಿನಲ್ಲಿ ಹೆಸರು ಹಾಕಿ ಸೇವ್ ಮಾಡಿ. ಓಟಿಪಿ, ಬ್ಯಾಂಕ್, ಹಣ, ಇವುಗಳಲ್ಲಿ ಯಾವುದನ್ನಾದರೂ ಕೇಳಿದರೆ ಫೋನ್ ಇಡಬೇಕು ಅಂತ ಒಂದೇ ನಿಯಮ ಹೇಳಿಕೊಡಿ.

ಫೋನ್ ಎತ್ತದಿದ್ದರೆ? ಅಮೆರಿಕದ ಹಲವು ಊರುಗಳಲ್ಲಿ ಪೊಲೀಸರೇ ಹಿರಿಯರಿಗೆ ದಿನಾ ಕಂಪ್ಯೂಟರ್ ಕರೆ ಹೋಗುವಂತೆ ಮಾಡಿದ್ದಾರೆ, ಎತ್ತದಿದ್ದರೆ ಯಾರಾದರೂ ಮನೆಗೆ ಹೋಗಿ ನೋಡುತ್ತಾರೆ. ನೀವೂ ಹಾಗೇ ಮಾಡಿ. ಹದಿನೈದು ನಿಮಿಷ ಬಿಟ್ಟು ಇನ್ನೊಂದು ಕರೆ, ಅದೂ ಆಗದಿದ್ದರೆ ಮನೆಯ ಕೀಲಿ ಇರುವ ಅಕ್ಕಪಕ್ಕದವರಿಗೆ ತಕ್ಷಣ ಸುದ್ದಿ. ಬಿದ್ದೆ, ಎದೆ ನೋವು, ಎರಡು ದಿನದಿಂದ ಊಟ ಸೇರುತ್ತಿಲ್ಲ, ನಾನಿದ್ದು ಏನು ಪ್ರಯೋಜನ, ಇಂಥ ಮಾತು ಬಂದರೆ ಸಂಜೆಯ ವರದಿಗೆ ಕಾಯದೆ ಆ ಕ್ಷಣವೇ ನಿಮ್ಮ ಫೋನ್ ರಿಂಗ್ ಆಗಬೇಕು. ಅವರಿಗೆ ಕೊಡುವ ಮೊದಲು ಈ ಮಾತುಗಳನ್ನು ಅವರು ಆಡುವ ಧಾಟಿಯಲ್ಲೇ ಹೇಳಿ ಪರೀಕ್ಷೆ ಮಾಡಿ. ನನಗೆ ಸಿಕ್ಕ ಮೊದಲ ಸೇವೆ "ಬಿದ್ದುಬಿಟ್ಟೆ ಕಣಪ್ಪ" ಅಂದಾಗ "ಒಳ್ಳೆಯದು, ಮತ್ತೆ?" ಅಂದಿತು. ಅವತ್ತೇ ಬಿಟ್ಟೆ. ಮಾತ್ರೆಯ ಬಗ್ಗೆ ಸಲಹೆ ಕೊಡುವ ಯಂತ್ರವೂ ಬೇಡ.

ಮರೆವಿನ ಕಾಯಿಲೆ ಇದ್ದವರಿಗೆ, ಇಲ್ಲದ ಧ್ವನಿಗಳು ಕೇಳಿಸುವವರಿಗೆ ವೈದ್ಯರನ್ನು ಕೇಳದೆ ಹಾಕಿಸಬೇಡಿ.

ಫಲ ಇದೆಯಾ ಅಂತ ನೋಡಲು, ಒಂಟಿತನ ಎಷ್ಟಿದೆ ಅಂತ ತಿಳಿಸುವ ಮೂರು ಪ್ರಶ್ನೆಗಳ ಒಂದು ಅಳತೆಯನ್ನು ಸಂಶೋಧಕರು ಬಳಸುತ್ತಾರೆ. ಜೊತೆಗೆ ಯಾರೂ ಇಲ್ಲ ಅನ್ನಿಸುತ್ತದಾ, ನನ್ನನ್ನು ಬಿಟ್ಟುಬಿಟ್ಟಿದ್ದಾರೆ ಅನ್ನಿಸುತ್ತದಾ, ಎಲ್ಲರಿಂದ ದೂರವಾಗಿದ್ದೇನೆ ಅನ್ನಿಸುತ್ತದಾ. ಅಪರೂಪಕ್ಕೆ ಅಂದರೆ 1, ಕೆಲವು ಸಲ ಅಂದರೆ 2, ಆಗಾಗ ಅಂದರೆ 3. ಒಟ್ಟು 3ರಿಂದ 9ರೊಳಗೆ ಬರುತ್ತದೆ. ಶುರು ಮಾಡುವ ಮೊದಲು ಒಮ್ಮೆ ಕೇಳಿ ಬರೆದಿಡಿ, ಆರು ವಾರದ ಮೇಲೆ ಮತ್ತೆ ಕೇಳಿ. ಇಳಿಯದಿದ್ದರೆ, ಅಥವಾ ಯಂತ್ರದ ಕರೆ ಬರುತ್ತದೆ ಅಂತ ಮನೆಗೆ ಬಂದವರನ್ನು ಬೇಗ ಕಳಿಸುತ್ತಿದ್ದರೆ, ಕರೆಗಳನ್ನು ಕಡಿಮೆ ಮಾಡಿ.

ನಮ್ಮ ಅತ್ತೆ ಕೊನೆಯ ಪ್ರಶ್ನೆಗೆ ಐದು ದಿನ ಒಂದೇ ಹೆಸರು ಹೇಳಿದ್ದರು, ಅವರ ಜೊತೆ ಓದಿದ ಗೆಳತಿಯದು. ನಂಬರ್ ಹುಡುಕಲು ಎರಡು ವಾರ ಹಿಡಿಯಿತು. ಈಗ ಇಬ್ಬರೂ ಸಂಜೆ ಮಾತಾಡುತ್ತಾರೆ. "ಅವಳು ಫೋನ್ ಮಾಡೋ ಹೊತ್ತಿಗೇ ಆ ಯಂತ್ರನೂ ಬರುತ್ತೆ ಕಣೋ, ಅದನ್ನ ಬೆಳಿಗ್ಗೆಗೆ ಹಾಕಿಸು" ಅಂದರು. ಹಾಕಿಸಿದ್ದೇನೆ, ವಾರಕ್ಕೆ ಮೂರೇ ದಿನ.