ಡೌನ್ ರಜಾಯಿ ಎಷ್ಟು ಬೆಚ್ಚಗೆ? ಮನೆಯಲ್ಲೇ ಅಳೆದು ನೋಡಿದ್ದು

ಬಾತಿನ ಮೃದುಗರಿ, ಅಂದರೆ ಡೌನ್ ತುಂಬಿದ ರಜಾಯಿಯ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿರುವುದು ‘ಫಿಲ್ ಪವರ್’: 600, 700, 800. ಒಂದು ಔನ್ಸ್ (28.35 ಗ್ರಾಂ) ಡೌನ್ ಅರಳಿದಾಗ ಎಷ್ಟು ಘನ ಇಂಚು ಜಾಗ ಹಿಡಿಯುತ್ತದೆ ಎಂಬ ಲೆಕ್ಕ ಅದು. ಗರಿಯ ಗುಣ ಅದರಿಂದ ಗೊತ್ತಾಗುತ್ತದೆ, ರಜಾಯಿ ಎಷ್ಟು ಬೆಚ್ಚಗೆ ಎಂಬುದು ಗೊತ್ತಾಗುವುದಿಲ್ಲ.

ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ರಜಾಯಿಯನ್ನೇ ತೆಗೆದುಕೊಳ್ಳಿ. 600ರ ಡೌನ್ 600 ಗ್ರಾಂ ತುಂಬಿದರೆ ಚದರ ಮೀಟರಿಗೆ 150 ಗ್ರಾಂ. ಗ್ರಾಮಿಗೆ ಸುಮಾರು 347 ಮಿ.ಲೀ. ಹಿಡಿದರೆ ದಪ್ಪ 5.2 ಸೆಂ.ಮೀ. 800ರದ್ದು 300 ಗ್ರಾಂ ಮಾತ್ರ ತುಂಬಿದರೆ 3.5 ಸೆಂ.ಮೀ. ಬಟ್ಟೆಯ ಭಾರಕ್ಕೆ ಎರಡೂ ಇನ್ನಷ್ಟು ತಗ್ಗುತ್ತವೆ, ಆದರೆ ಹೆಚ್ಚು ಬೆಚ್ಚಗಿರುವುದು ಅಗ್ಗದ 600ರದ್ದೇ. ಹಾಗಾಗಿ ತುಂಬಿದ ತೂಕ ಬರೆಯದ ಚೀಟಿಯನ್ನು ನಾನು ನಂಬುವುದಿಲ್ಲ.

ಗರಿ ಅಳೆಯಲು ಅಂಚಿನ ಹೊಲಿಗೆಯನ್ನಷ್ಟೇ ಮೂರು ಕಡೆ ಎರಡೆರಡು ಇಂಚು ಬಿಚ್ಚಿ, ಒಟ್ಟು 10 ಗ್ರಾಂ ತೆಗೆಯುತ್ತೇನೆ. ರಜಾಯಿಯ ಮೈಬಟ್ಟೆಗೆ ಸೂಜಿ ತಾಗಿಸಬಾರದು, ಪ್ರತಿ ತೂತಿನಿಂದಲೂ ಡೌನ್ ಹೊರಬರುತ್ತದೆ. ಕೆಲಸವೆಲ್ಲ ಫ್ಯಾನ್ ಆರಿಸಿ, ಸೊಳ್ಳೆಪರದೆಯೊಳಗೆ. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಸಾಕು. 20 ಸೆಂ.ಮೀ. ವ್ಯಾಸದ, ನೆಟ್ಟಗಿನ ಗೋಡೆಯ ಪಾರದರ್ಶಕ ಡಬ್ಬಿಗೆ ಡೌನನ್ನು ಕೈಯಿಂದ ಬಿಡಿಸುತ್ತಾ ಉದುರಿಸಿ, ಗೋಡೆಗೆ ತಾಗದಂತೆ 45 ಗ್ರಾಮಿನ ರಟ್ಟಿನ ಬಿಲ್ಲೆ ಇಡುತ್ತೇನೆ. ಒಂದು ನಿಮಿಷ ಬಿಟ್ಟು ನೋಡಿದಾಗ 11 ಸೆಂ.ಮೀ. ಎತ್ತರವಿದ್ದರೆ ಸುಮಾರು 600, 14.7 ಇದ್ದರೆ 800. ಪ್ರಯೋಗಾಲಯದ ಅಂಕಿಗೆ ಇದು ಸರಿಸಮವಲ್ಲ. ಎರಡು ರಜಾಯಿಗಳನ್ನು ಒಂದೇ ದಿನ ಹೋಲಿಸಲು ಮಾತ್ರ ನೆಚ್ಚಬಹುದು.

ಒಂದೇ ದಿನ ಎಂದದ್ದಕ್ಕೆ ಕಾರಣ ನಮ್ಮ ಮಂಗಳೂರಿನ ಗಾಳಿ. ತೇವ ಹೀರಿದ ಡೌನಿನ ಎಳೆಗಳು ಒಂದಕ್ಕೊಂದು ಅಂಟಿ ಮುದುಡುತ್ತವೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಹಾಗೇ ತೆಗೆದು ಅಳೆದರೆ ಒಳ್ಳೆಯ ಡೌನ್ ಕೂಡ ಕಳಪೆಯಂತೆ ಕಾಣುತ್ತದೆ. ಅದಕ್ಕೇ ಮಾದರಿಯನ್ನು ಸಡಿಲ ಬಟ್ಟೆಚೀಲದಲ್ಲಿ ಹಾಕಿ, ಎಸಿಯನ್ನು ಡ್ರೈ ಮೋಡಿನಲ್ಲಿಟ್ಟ ಕೋಣೆಯಲ್ಲಿ ಒಂದಿಡೀ ದಿನ ಬಿಡುತ್ತೇನೆ, ನಡುನಡುವೆ ಚೀಲ ಕೊಡವುತ್ತೇನೆ. ಬಿಸಿ ಇಸ್ತ್ರಿ, ಒಲೆಯ ಶಾಖ ಬೇಡವೇ ಬೇಡ, ಎಳೆಗಳು ಪೆಡಸಾಗಿ ಮುರಿಯುತ್ತವೆ.

ಅದೇ ಮಾದರಿಯಿಂದ 2 ಗ್ರಾಂ ತೆಗೆದು ಚಿಮುಟದಲ್ಲಿ ಬೇರ್ಪಡಿಸಿ ತೂಗಬೇಕು: ನಡುದಂಡವಿಲ್ಲದೆ ಎಲ್ಲ ದಿಕ್ಕಿಗೂ ಹರಡಿದ ಗೊಂಚಲು ಒಂದು ಕಡೆ, ದಂಡವಿರುವ ಗರಿ ಇನ್ನೊಂದು ಕಡೆ, ಮುರಿದ ಎಳೆ ಮತ್ತು ದೂಳು ಮತ್ತೊಂದು ಕಡೆ. ಚೀಟಿಯಲ್ಲಿ 90/10 (90 ಪಾಲು ಡೌನ್, 10 ಪಾಲು ದಂಡದ ಗರಿ) ಎಂದಿದ್ದರೆ ಗೊಂಚಲು 1.8 ಗ್ರಾಮಿನ ಆಸುಪಾಸು ಸಿಗಬೇಕು. ತುಂಬಾ ತಾಳ್ಮೆಯ ಕೆಲಸ, ಆದರೆ ಮೋಸ ಸಿಕ್ಕಿಬೀಳುವುದು ಇಲ್ಲಿಯೇ.

ಹೊಲಿಗೆಯನ್ನೂ ನೋಡಬೇಕು. ಮೇಲಿನ ಮತ್ತು ಕೆಳಗಿನ ಬಟ್ಟೆಯನ್ನು ನೇರ ಸೇರಿಸಿ ಹೊಲಿದಿದ್ದರೆ ಆ ಗೆರೆಯುದ್ದಕ್ಕೂ ದಪ್ಪವೇ ಇಲ್ಲ, ಶಾಖ ಅಲ್ಲಿಂದ ಸೋರುತ್ತದೆ. ಒಳಗೆ ಅಡ್ಡಪಟ್ಟಿ ಕೊಟ್ಟು ಪೆಟ್ಟಿಗೆಯಂತೆ ಮಾಡಿದ್ದರೆ ಆ ತೊಂದರೆಯಿಲ್ಲ.

ಇನ್ನು ‘ಟಾಗ್’. ಇದು ಇಡೀ ರಜಾಯಿ ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ. ಚದರ ಮೀಟರಿಗೆ ಒಂದು ವಾಟ್ ಶಾಖ ಹಾಯುವಾಗ ಎರಡು ಬದಿಗಳ ನಡುವೆ 0.1 ಡಿಗ್ರಿ ವ್ಯತ್ಯಾಸ ಉಳಿದರೆ ಒಂದು ಟಾಗ್. 13.5 ಟಾಗ್ ಯುರೋಪಿನ ಚಳಿಗಾಲಕ್ಕೆ. ಎಸಿಯನ್ನು 24ಕ್ಕೆ ಇಟ್ಟು ಮಲಗುವ ನಮಗೆ 2.5ರಿಂದ 4.5 ಧಾರಾಳ. ಅದಕ್ಕಿಂತ ಹೆಚ್ಚಾದರೆ ಸೆಕೆ, ಬೆವರು, ಆ ಬೆವರು ಡೌನಿಗೆ ಇಳಿದು ಒಂದು ವಾರದಲ್ಲಿ ವಾಸನೆ. ಎಸಿ ಇಲ್ಲದ ಕೋಣೆಗೆ ನಾನು ಡೌನ್ ಹೇಳುವುದೇ ಇಲ್ಲ.