ಪಿನ್‌ಬಾಲ್ ಯಂತ್ರದ ಧ್ವನಿ ಫಲಕ ದುರಸ್ತಿ: ನನ್ನ ಅನುಭವ

ಸುರತ್ಕಲ್‌ನಲ್ಲಿ ಕಡಲಿಗೆ ತೀರ ಹತ್ತಿರದ ಹೆಂಚಿನ ಕೊಟ್ಟಿಗೆಯೊಂದರಲ್ಲಿ ಹನ್ನೆರಡು ಮಳೆಗಾಲ ಕಳೆದಿದ್ದ, 1980ರ ಆಸುಪಾಸಿನ ಅಮೆರಿಕದ ಪಿನ್‌ಬಾಲ್ ಯಂತ್ರವೊಂದನ್ನು (ಗಾಜಿನಡಿ ಉಕ್ಕಿನ ಚೆಂಡನ್ನು ಹೊಡೆದು ಅಂಕ ಗಳಿಸುವ ಆಟ) ಭಾವನವರು ನನಗೆ ಒಪ್ಪಿಸಿದಾಗ ಅದರ ದೀಪಗಳೂ ಚೆಂಡನ್ನು ಹೊಡೆಯುವ ಫ್ಲಿಪ್ಪರ್‌ಗಳೂ ಹೇಗೋ ಕೆಲಸ ಮಾಡುತ್ತಿದ್ದವು. ಸ್ಪೀಕರ್‌ನಿಂದ ಮಾತ್ರ ದುಂಬಿ ಹೊಕ್ಕಂತೆ ಒಂದೇ ಸಮನೆ ಗುಂಯ್ ಎಂಬ ಸದ್ದು ಬರುತ್ತಿತ್ತೇ ಹೊರತು ಆಟದ ಒಂದು ಧ್ವನಿಯೂ ಇರಲಿಲ್ಲ. ಮಾತನಾಡುವ ಮೊದಲ ಪಿನ್‌ಬಾಲ್ ಎನಿಸಿದ ವಿಲಿಯಮ್ಸ್ ಕಂಪನಿಯ ಗೋರ್ಗಾರ್ ಬಂದದ್ದು 1979ರಲ್ಲಿ. ನನ್ನ ಪಾಲಿಗೆ ಬಂದದ್ದು ಮಾತಿಲ್ಲದ ಯಂತ್ರವಾದ್ದರಿಂದ ಮಾತಿನ ಫಲಕದ ಗೋಜು ತಪ್ಪಿತು.

ಮೊದಲ ತಪ್ಪು ನನ್ನದೇ. ಸದ್ದಿಲ್ಲ ಎಂದೊಡನೆ ಪ್ರೊಸೆಸರ್ ಸತ್ತಿದೆಯೆಂದು ತೀರ್ಮಾನಿಸಿ ಹೊಸ 6802 ಚಿಪ್ ತರಿಸಿದೆ. ಅದು ಇಂದಿಗೂ ಡಬ್ಬಿಯಲ್ಲಿದೆ. ಆ ಗುಂಯ್ ಸದ್ದನ್ನು ಸರಿಯಾಗಿ ಕೇಳಿದ್ದರೆ ಅಷ್ಟು ಖರ್ಚು ಉಳಿಯುತ್ತಿತ್ತು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಎಸಿಯನ್ನು ಡಿಸಿಯಾಗಿಸುವ ಬ್ರಿಜ್ ರೆಕ್ಟಿಫೈಯರ್ ದಾಟಿದ ಮೇಲೆ ಅದರ ಏರಿಳಿತ 100 ಹರ್ಟ್ಸ್ ಆಗುತ್ತದೆ. ಮೊಬೈಲಿನ ಟ್ಯೂನರ್ ಹಿಡಿದು ನೋಡಿದಾಗ ಸದ್ದು 100ರ ಬಳಿ ನಿಂತಿತು. ಅಂದರೆ ರೆಕ್ಟಿಫೈಯರ್ ಸರಿಯಾಗಿದೆ, ಅದರ ನಂತರ ಆ ಏರಿಳಿತವನ್ನು ಸಮಗೊಳಿಸುವ ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿವೆ. ಮಂಗಳೂರಿನ ಹಂಪನಕಟ್ಟೆಯಿಂದ ಅದೇ ಧಾರಣ ಸಾಮರ್ಥ್ಯದ, ವೋಲ್ಟೇಜ್ ತುಸು ಹೆಚ್ಚಿರುವ ಕೆಪಾಸಿಟರ್‌ಗಳನ್ನು ತಂದು ಬೆಸೆದ ಮೇಲೆ ಗುಂಯ್ ಸದ್ದು ನಿಂತು ಯಂತ್ರ ಪೂರ್ತಿ ಮೂಕವಾಯಿತು.

ಮುಂದೆ ಹೋಗುವ ಮೊದಲು ಅಂಕಗಳನ್ನು ತೋರಿಸುವ ಫಲಕಗಳ ಫ್ಯೂಸ್ ತೆಗೆದಿಟ್ಟೆ, ಏಕೆಂದರೆ ಆ ಕಾಲದ ಅನಿಲ ತುಂಬಿದ ಅಂಕಿ ಫಲಕಗಳಿಗೆ ನೂರು ವೋಲ್ಟ್‌ಗೂ ಹೆಚ್ಚಿನ ವಿದ್ಯುತ್ತು ಹೋಗುತ್ತದೆ. ಆಮೇಲೆ ಸ್ಪೀಕರ್‌ನಿಂದ ಹಿಮ್ಮುಖವಾಗಿ ಹೊರಟೆ. ಒಂದೂವರೆ ವೋಲ್ಟಿನ ಸೆಲ್ ತಾಗಿಸಿದಾಗ ಸ್ಪೀಕರ್ ಟಿಕ್ ಎಂದಿತು. ಟಿಡಿಎ 2002 ಆಂಪ್ಲಿಫೈಯರ್‌ನ ಒಳಬರುವ ಕಾಲಿಗೆ ಸ್ಕ್ರೂಡ್ರೈವರ್ ತುದಿಯನ್ನು ಬೆರಳಿನೊಡನೆ ಮುಟ್ಟಿಸಿದಾಗ ಬರ್ರ್ ಎಂದಿತು. ಹಾಗಾದರೆ ದೋಷವಿರುವುದು ಅದಕ್ಕೂ ಹಿಂದೆ, ಅಂಕಿಗಳನ್ನು ಧ್ವನಿಯಾಗಿಸುವ 1408 ಚಿಪ್‌ನಲ್ಲೋ ಪ್ರೊಸೆಸರ್ ಭಾಗದಲ್ಲೋ ಇರಬೇಕು. ಧ್ವನಿ ಫಲಕದ ಮೇಲಿರುವ ಸ್ವಯಂ ಪರೀಕ್ಷೆಯ ಗುಂಡಿ ಒತ್ತಿದರೂ ಸದ್ದಿಲ್ಲ. ಆದ್ದರಿಂದ ಮುಖ್ಯ ಫಲಕದಿಂದ ಬರುವ ಆದೇಶದ ತಂತಿಗಳನ್ನು ಸದ್ಯಕ್ಕೆ ದೂರುವಂತಿರಲಿಲ್ಲ.

ಇಲ್ಲಿಯೇ ಕಡಲ ಗಾಳಿಯ ಕೈವಾಡ ಕಾಣಿಸಿತು. ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಬಳಿ 5 ವೋಲ್ಟ್ ಇದ್ದರೂ ಪ್ರೊಸೆಸರ್‌ನ ಕಾಲಿನಲ್ಲಿ ಅಳೆದಾಗ 4.6 ಮಾತ್ರ ಇತ್ತು. 6802ಕ್ಕೆ ಕನಿಷ್ಠ 4.75 ಬೇಕು. ನಡುವಿನ ಕನೆಕ್ಟರ್ ಪಿನ್‌ಗಳು ಹಸಿರು ಕಿಲುಬು ಹಿಡಿದಿದ್ದವು. ಅವುಗಳನ್ನು ಉಜ್ಜಿ ಸ್ವಚ್ಛಗೊಳಿಸುವ ಬದಲು ಹೊಸದಾಗಿಯೇ ಹಾಕಿದೆ, ಏಕೆಂದರೆ ಮೇಲಿನ ತವರದ ಲೇಪ ಹೋದ ಪಿನ್ ಮುಂದಿನ ಆಟಿಯ ಮಳೆಯ ಹೊತ್ತಿಗೆ ಮತ್ತೆ ಹಾಗೆಯೇ ಆಗುತ್ತದೆ. ವೋಲ್ಟೇಜ್ ಸರಿಯಾದರೂ ಧ್ವನಿ ಬರಲಿಲ್ಲ. ಬೇಸರದಿಂದ ಧ್ವನಿಗಳ ಪ್ರೋಗ್ರಾಂ ಇರುವ 2716 ರೋಮ್ (ROM) ಚಿಪ್ಪನ್ನು ಬೆರಳಿನಿಂದ ಒತ್ತಿ ಗುಂಡಿ ಅದುಮಿದಾಗ ಒಂದು ಸಿಳ್ಳೆ ಕೇಳಿ ನಿಂತಿತು. ಚಿಪ್ ಚೆನ್ನಾಗಿತ್ತು, 24 ಕಾಲುಗಳ ಸಾಕೆಟ್ ಹಿಡಿತ ಕಳೆದುಕೊಂಡಿತ್ತು. ಅದನ್ನು ಕಿತ್ತು, ಫಲಕದ ತಾಮ್ರದ ಗೆರೆಗಳು ಏಳದಂತೆ ಒಂದೊಂದೇ ಕಾಲನ್ನು ಬಿಸಿ ಮಾಡಿ ಹೊಸ ಸಾಕೆಟ್ ಬೆಸೆಯಲು ಒಂದು ಭಾನುವಾರ ಪೂರ್ತಿ ಬೇಕಾಯಿತು.

ಈಗ ಸ್ವಯಂ ಪರೀಕ್ಷೆಯಲ್ಲಿ ಎಲ್ಲ ಧ್ವನಿಗಳೂ ಬಂದವು, ಆದರೆ ಆಟದಲ್ಲಿ ಚೆಂಡನ್ನು ಚಿಮ್ಮಿಸುವ ಬಂಪರ್‌ಗೆ ಅದು ಬಡಿದರೆ ಆಟ ಮುಗಿದಾಗಿನ ರಾಗ ಕೇಳುತ್ತಿತ್ತು. ಆದೇಶ ಬರುವುದು ಐದು ತಂತಿಗಳಲ್ಲಿ. ಒಂದು ಕಡಿದರೆ 32 ಸಂಕೇತಗಳು 16ಕ್ಕೆ ಇಳಿದು, ಸದ್ದು ನಿಲ್ಲುವ ಬದಲು ತಪ್ಪು ಸದ್ದು ಬರುತ್ತದೆ. ಐದೂ ಪಿನ್‌ಗಳನ್ನು ಒಂದೊಂದಾಗಿ ಗ್ರೌಂಡ್‌ಗೆ ಮುಟ್ಟಿಸಿದಾಗ ನಾಲ್ಕು ಪ್ರತಿಕ್ರಿಯಿಸಿದವು, ಐದನೆಯದು ಸುಮ್ಮನಿತ್ತು. ಭೂತಗನ್ನಡಿಯಲ್ಲಿ ಅದರ ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕು ಕಂಡಿತು. ಹಳೆಯ ಬೆಸುಗೆ ಹೀರಿ ತೆಗೆದು ಹೊಸದು ಹಾಕಿದ ಮೇಲೆ ಬಂಪರ್ ತನ್ನದೇ ಧ್ವನಿಯಲ್ಲಿ ಬಡಿಯಿತು.