ಪೆರೋಲ್ ತಿರಸ್ಕಾರದ ವಿರುದ್ಧ ರಿಟ್: ನಾನು ಕೇಸ್ ಕಟ್ಟುವ ರೀತಿ

ಪೆರೋಲ್, ಅಂದರೆ ಸಜೆಯ ನಡುವೆ ಕೆಲವು ದಿನದ ಬಿಡುಗಡೆ, ಸಿಗಲಿಲ್ಲ ಅಂತ ಬಂದಿಯ ಮನೆಯವರು ಆಫೀಸಿಗೆ ಬಂದಾಗ ನಾನು ಮೊದಲು ಕೇಳುವುದು ಹಿಂಬರಹ, ಅಂದರೆ ಅರ್ಜಿ ತಿರಸ್ಕರಿಸಿ ಜೈಲಿನವರು ಕೊಡುವ ಲಿಖಿತ ಉತ್ತರ. ಜೈಲಿನವರು ಬಾಯಲ್ಲಿ ‘ಆಗಲ್ಲ’ ಅಂದಿದ್ದರೆ ಹೈಕೋರ್ಟಿನಲ್ಲಿ ರದ್ದು ಮಾಡಿಸಲು ಏನೂ ಇರುವುದಿಲ್ಲ. ಕಾರಣ ಬರೆದ ಕಾಗದ ಬೇಕು. ಅದಕ್ಕೆ ಆಧಾರವಾದ ಪೊಲೀಸ್ ವರದಿಯ ಪ್ರತಿಯೂ ಬೇಕು. ಜಾಸ್ತಿ ಕೇಸುಗಳು ಗೆಲ್ಲುವುದು, ಸೋಲುವುದು ಆ ವರದಿಯ ಮೇಲೆಯೇ.

ಹೈಕೋರ್ಟಿನ ಧಾರವಾಡ ಪೀಠದಲ್ಲಿ ನಾನು ನಡೆಸಿದ ಒಂದು ಕೇಸ್ ಹೇಳುತ್ತೇನೆ. ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆ ಆದವನು. ತಾಯಿಗೆ ಲಕ್ವ ಹೊಡೆದಿತ್ತು. ವರದಿಯಲ್ಲಿ ಇದ್ದದ್ದು ಇಷ್ಟೇ: ‘ಸದರಿ ಬಂದಿಯು ಗ್ರಾಮಕ್ಕೆ ಬಂದಲ್ಲಿ ಶಾಂತಿ ಭಂಗವಾಗುವ ಸಾಧ್ಯತೆ ಇರುತ್ತದೆ. ಮೃತನ ಕಡೆಯವರ ಆಕ್ಷೇಪಣೆ ಇರುತ್ತದೆ.’ ಯಾರ ಆಕ್ಷೇಪಣೆ? ಹೇಳಿಕೆ ಲಗತ್ತಿಸಿಲ್ಲ, ಸಹಿ ಇಲ್ಲ, ತಾರೀಖೂ ಇಲ್ಲ. ವಿಚಾರಿಸಿದರೆ ಮೃತನ ಮನೆಯವರು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಗ್ರಾಮ ಪಂಚಾಯಿತಿಯಿಂದ ಹಾಗಂತ ಪತ್ರ ತರಿಸಿ ಅರ್ಜಿಗೆ ಸೇರಿಸಿದೆ. ಆದರೆ ಅವರ ಭಯವನ್ನು ಹಗುರ ಮಾಡಿ ವಾದಿಸುವುದು ನನಗೆ ಸರಿ ಕಾಣುವುದಿಲ್ಲ. ಮನೆ ಮಗನನ್ನು ಕಳೆದುಕೊಂಡವರು, ಅಲ್ವಾ? ಅದಕ್ಕೇ ಷರತ್ತುಗಳನ್ನು ನಾವೇ ಬರೆದುಕೊಟ್ಟೆವು. ಮೃತನ ಮನೆಯವರು ಈಗಿರುವ ತಾಲ್ಲೂಕಿಗೆ ಬಂದಿ ಕಾಲಿಡುವುದಿಲ್ಲ, ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕುತ್ತಾನೆ, ಇಬ್ಬರು ಜಾಮೀನುದಾರರು.

ರಿಟ್ ಅಂದರೆ ಅಧಿಕಾರಿಗಳ ಆದೇಶವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹಾಕುವ ಅರ್ಜಿ; ಅದನ್ನು ಹಾಕುವುದು ಸಂವಿಧಾನದ 226ನೇ ವಿಧಿಯಡಿ. ಸಜೆಯಾದ ಮಾತ್ರಕ್ಕೆ ಮೂಲಭೂತ ಹಕ್ಕುಗಳೆಲ್ಲ ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1974ರಲ್ಲೇ ಭುವನ್ ಮೋಹನ್ ಪಟ್ನಾಯಕ್ ಪ್ರಕರಣದಲ್ಲಿ ಹೇಳಿದೆ. ಅಪರಾಧ ಘೋರವಾದದ್ದು ಅನ್ನುವ ಒಂದೇ ಕಾರಣಕ್ಕೆ ಪೆರೋಲ್ ನಿರಾಕರಿಸಬಾರದು ಅನ್ನುವುದಕ್ಕೆ 2017ರ ಅಸ್ಫಾಕ್ ತೀರ್ಪು ಇದೆ. ಸರ್ಕಾರಿ ವಕೀಲರು ‘ಕೊಲೆ ಕೇಸ್, ಸ್ವಾಮಿ’ ಅಂದ ಕೂಡಲೇ ನಾನು ಕೈಗೆತ್ತಿಕೊಳ್ಳುವುದು ಅದನ್ನೇ.

ಕೋರಿಕೆ ಬರೆಯುವಾಗ ತುಂಬಾ ಎಚ್ಚರ ಬೇಕು. ‘ಮರುಪರಿಶೀಲಿಸಲು ನಿರ್ದೇಶಿಸಿ’ ಅಂತ ಸುಮ್ನೆ ಕೇಳಿದರೆ ಕೋರ್ಟ್ ಅಷ್ಟನ್ನೇ ಕೊಡಬಹುದು. ಕಡತ ಮತ್ತೆ ಅದೇ ಮೇಜಿಗೆ ಹೋಗುತ್ತದೆ, ಅದೇ ಎರಡು ಸಾಲು ಹೊಸ ತಾರೀಖಿನಲ್ಲಿ ವಾಪಸ್ ಬರುತ್ತದೆ. ಅಷ್ಟರಲ್ಲಿ ತಾಯಿ ಉಳಿದಿರುತ್ತಾಳೋ ಇಲ್ಲವೋ. ಅದಕ್ಕೇ ಹಿಂಬರಹ ರದ್ದು ಮಾಡಿ, ಇಂತಿಷ್ಟು ದಿನ ಬಿಡುಗಡೆ ಮಾಡಿ ಅಂತಲೇ ಕೇಳುತ್ತೇನೆ. ಮರುಪರಿಶೀಲನೆಯೇ ಆಗುವುದಾದರೆ ಗಡುವು ಹಾಕಿ ಅನ್ನುತ್ತೇನೆ. ಈ ಕೇಸಿನಲ್ಲಿ ನಮ್ಮ ಷರತ್ತುಗಳ ಮೇಲೆಯೇ ಬಿಡುಗಡೆಗೆ ಆದೇಶವಾಯಿತು. ಏಕಸದಸ್ಯ ಪೀಠದಲ್ಲಿ ಸೋತರೆ 30 ದಿನದೊಳಗೆ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ ಹಾಕಬಹುದು. ಕರ್ನಾಟಕ ಹೈಕೋರ್ಟ್ ಕಾಯ್ದೆ, 1961ರ 4ನೇ ಸೆಕ್ಷನ್ನಿನಲ್ಲಿ ಅದಕ್ಕೆ ಅವಕಾಶವಿದೆ.

ವಕೀಲರ ಫೀಸಿಗೆ ಹೆದರಿ ಕೂರುವವರು ಬಹಳ ಮಂದಿ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಕೊಟ್ಟ ಹಕ್ಕು ಅದು. ಜೈಲಿನಿಂದಲೇ ಅರ್ಜಿ ಬರೆದು ಕಳಿಸಬಹುದು.

ಇನ್ನೊಂದು ವಿಷಯ. 2023ರಲ್ಲಿ ಸುಪ್ರೀಂ ಕೋರ್ಟ್, ಗೋವಾದ ಜೈಲು ನಿಯಮಗಳ ಪ್ರಕರಣವೊಂದರಲ್ಲಿ, ಅವಧಿಪೂರ್ವ ಬಿಡುಗಡೆಗೆ 14 ವರ್ಷ ಲೆಕ್ಕ ಹಾಕುವಾಗ ಪೆರೋಲ್ ದಿನಗಳನ್ನು ಲೆಕ್ಕದಿಂದ ಬಿಡಬೇಕು ಅಂದಿದೆ. ಅಂದರೆ ಹೊರಗಿದ್ದ ದಿನಗಳು ಆ 14 ವರ್ಷಕ್ಕೆ ಸೇರುವುದಿಲ್ಲ. ಇದನ್ನು ಕಕ್ಷಿದಾರನಿಗೆ ವಕಾಲತ್ತಿಗೆ ಸಹಿ ಹಾಕಿಸುವ ಮೊದಲೇ ಹೇಳಿಬಿಡುತ್ತೇನೆ.